ವರಾಹಮಿಹಿರನ ವೃಕ್ಷಾಯುರ್ವೇದಾಧ್ಯಾಯ: ಸಸ್ಯಶಾಸ್ತ್ರದ ದೃಷ್ಟಿಯಿಂದ ಒಂದು ವಿಮರ್ಶೆ

೧

ಗಿಡಮರಗಳ ಪೋಷಣೆಯನ್ನು ಕುರಿತು ನಮ್ಮ ಪೂರ್ವಿಕರು ಬರೆದಿಟ್ಟಿರುವ ಗ್ರಂಥಗಳ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಈಗ ಪ್ರಚಾರದಲ್ಲಿವೆ. ಆಧುನಿಕ ಸಸ್ಯಶಾಸ್ತ್ರವು ಕಂಡುಹಿಡಿದುದೆಲ್ಲವೂ ಆ ಗ್ರಂಥಗಳಲ್ಲಿ ಮೊದಲೇ ಇದೆಯೆಂದೂ, ಅವುಗಳಲ್ಲಿ ಹೇಳಿರುವ ಗೊಬ್ಬರವನ್ನೂ ಔಷಧವನ್ನೂ ಹಾಗೆಯೇ ಹೊಲತೋಟಗಳಿಗೆ ತರಬಹುದೆಂದೂ ಒಂದು ಪಕ್ಷದವರು ಹೇಳುತ್ತಾರೆ. ಹಾಲು, ತುಪ್ಪ, ಜೇನುತುಪ್ಪಗಳನ್ನು ಮರಕ್ಕೆ ಬಳಿಯೆನ್ನುವ ಈ ಬರೆಹಗಳು ಪುರಾಣಗಳ ಜಾತಿಗೆ ಸೇರಿದವೆಂದೂ, ಒಕ್ಕಲಿಗನಿಗೆ ಅವುಗಳಿಂದ ಯಾವ ಪ್ರಯೋಜನವೂ ಇಲ್ಲವೆಂದೂ ಇನ್ನೊಂದು ಪಕ್ಷದವರು ಹೇಳುತ್ತಾರೆ. ಇವೆರಡೂ ಪರಸ್ಪರ ವಿರುದ್ಧವಾಗಿ ಕಂಡರೂ ಒಂದು ಅಂಶದಲ್ಲಿ ಸಮಾನವಾಗಿವೆ. ಗ್ರಂಥದ ಮಾತುಗಳನ್ನು ಒಂದೊಂದಾಗಿ ತೆಗೆದುಕೊಂಡು ಪರೀಕ್ಷಿಸುವ ಶ್ರಮವನ್ನು ಇಬ್ಬರೂ ವಹಿಸುವುದಿಲ್ಲ. ಒಬ್ಬರು ಇಡೀ ಗ್ರಂಥವನ್ನು ತಲೆಯ ಮೇಲೆ ಹೊರುತ್ತಾರೆ, ಮತ್ತೊಬ್ಬರು ಇಡೀ ಗ್ರಂಥವನ್ನು ಬದಿಗೆ ತಳ್ಳುತ್ತಾರೆ.

ಇದು ಕೇವಲ ಪಂಡಿತರ ಜಗಳವಾಗಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಆದರೆ ವೃಕ್ಷಾಯುರ್ವೇದದ ಹೆಸರಿನಲ್ಲಿ ಹಲವು ದ್ರಾವಣಗಳು ಈಗ ಬೇಸಾಯದಲ್ಲಿ ಬಳಕೆಗೆ ಬಂದಿವೆ. ಒಕ್ಕಲಿಗನಿಗೆ ಒಂದು ಬೆಳೆಯ ಕಾಲವೆಂದರೆ ಒಂದು ವರ್ಷದ ಅನ್ನ. ತೋಟಗಾರನಿಗೆ ಮರ ನೆಡುವಾಗ ಆದ ತಪ್ಪು ಹತ್ತು ವರ್ಷದ ಮೇಲೆ ತಿಳಿದುಬರುತ್ತದೆ. ಆದಕಾರಣ ಹಳೆಯ ಗ್ರಂಥದ ಯಾವ ಮಾತನ್ನು ನಂಬಬಹುದು, ಯಾವುದನ್ನು ಪರೀಕ್ಷಿಸಿ ನೋಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ವಿಂಗಡಿಸಿ ಹೇಳುವುದು ವಿಮರ್ಶಕನ ಕರ್ತವ್ಯವಾಗಿದೆ. ಪ್ರಕೃತ ಲೇಖನದಲ್ಲಿ ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯವನ್ನು ಹಾಗೆ ವಿಂಗಡಿಸಲು ಪ್ರಯತ್ನಿಸಿದೆ. ಸಸ್ಯಶಾಸ್ತ್ರವು ಈ ಅಧ್ಯಾಯದ ಸರಿತಪ್ಪುಗಳನ್ನು ತೂಗುವ ತಕ್ಕಡಿ ಮಾತ್ರವಲ್ಲ, ಅನೇಕ ಸ್ಥಳಗಳಲ್ಲಿ ಅದರ ಅರ್ಥವನ್ನೇ ನಿರ್ಣಯಿಸುವ ಸಾಧನವೂ ಆಗಬಲ್ಲದೆಂಬುದು ಇಲ್ಲಿಯ ಮುಖ್ಯ ಅಭಿಪ್ರಾಯ.

೨

ವರಾಹಮಿಹಿರನು ಕ್ರಿ. ಶ. ೬ನೆಯ ಶತಮಾನದವನು; ಉಜ್ಜಯಿನಿಯ ಕಡೆಯವನು. ಬೃಹತ್ಸಂಹಿತೆಯು ಮುಖ್ಯವಾಗಿ ಜ್ಯೋತಿಷಗ್ರಂಥವಾದರೂ ಮಳೆ, ಅಂತರ್ಜಲ, ವಾಸ್ತು, ರತ್ನಪರೀಕ್ಷೆ, ಗಂಧಯುಕ್ತಿ ಮೊದಲಾದ ಲೋಕೋಪಯೋಗಿ ವಿಷಯಗಳಿಗೂ ಅದರಲ್ಲಿ ಎಡೆಯುಂಟು. ಅವುಗಳ ನಡುವೆ ಅಂತರ್ಜಲವನ್ನು ಹೇಳುವ ಅಧ್ಯಾಯದ ಬಳಿಕ ಬರುವುದು ವೃಕ್ಷಾಯುರ್ವೇದ. ಸುಮಾರು ಮೂವತ್ತು ಶ್ಲೋಕಗಳ ಸಣ್ಣ ಅಧ್ಯಾಯವಿದು. ೧೦ನೆಯ ಶತಮಾನದ ಭಟ್ಟೋತ್ಪಲನ ವ್ಯಾಖ್ಯಾನವು ಇದಕ್ಕೆ ದೊರೆಯುತ್ತದೆ.

ಇದೇ ವಿಷಯವನ್ನು ವಿಸ್ತಾರವಾಗಿ ಹೇಳುವ ಸುರಪಾಲನ ವೃಕ್ಷಾಯುರ್ವೇದವೆಂಬ ಸಂಸ್ಕೃತ ಗ್ರಂಥವೊಂದುಂಟು. ಅದರ ಹಸ್ತಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಪುಸ್ತಕಭಂಡಾರದಲ್ಲಿದ್ದು, ನಳಿನೀ ಸಾಧಲೆಯವರ ಇಂಗ್ಲಿಷ್ ಅನುವಾದದೊಡನೆ ೧೯೯೬ರಲ್ಲಿ ಸಿಕಂದರಾಬಾದಿನಲ್ಲಿ ಪ್ರಕಟವಾಯಿತು. ನಮ್ಮ ಭಾಷೆಯಲ್ಲಿ, ಚಾಳುಕ್ಯ ಜಯಸಿಂಹನ ಕಾಲದಲ್ಲಿ, ೧೦೨೫ರ ಸುಮಾರಿಗೆ, ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯ ಮೀಸಲಾಗಿದೆ. ಪಾಕ, ಸುಗಂಧ, ವೈದ್ಯ, ಶಕುನಗಳ ಸಾಲಿನಲ್ಲಿ ಮರ ಬೆಳೆಸುವ ವಿದ್ಯೆಯನ್ನೂ ಕನ್ನಡದಲ್ಲಿ ಹೇಳಬೇಕೆಂದು ಸಾವಿರ ವರ್ಷಗಳ ಹಿಂದೆಯೇ ಒಬ್ಬ ಗ್ರಂಥಕಾರನಿಗೆ ತೋರಿತೆಂಬುದು ಸಣ್ಣ ಸಂಗತಿಯಲ್ಲ. ಆದರೆ ಈ ಪರಂಪರೆಯಲ್ಲಿ ಕಾಲವೂ ಅಳತೆಯೂ ಸ್ಪಷ್ಟವಾಗಿರುವ ಪ್ರಾಚೀನ ಪಾಠ ವರಾಹಮಿಹಿರನದು. ಆದ್ದರಿಂದ ವಿಮರ್ಶೆಯನ್ನು ಅಲ್ಲಿಂದ ಪ್ರಾರಂಭಿಸುವುದು ಯುಕ್ತ.

೩

ಈ ಅಧ್ಯಾಯದಲ್ಲಿ ಅತ್ಯಂತ ಬೆಲೆಯುಳ್ಳ ಮಾತುಗಳೆಂದರೆ ಕಣ್ಣಿನಿಂದ ಕಂಡು, ಕಾರಣವನ್ನೂ ಊಹಿಸಿ ಹೇಳಿದವು. ಮರಗಳ ನಡುವಣ ಅಂತರವನ್ನು ಕುರಿತ ವಿಧಿಯನ್ನು ನೋಡಬಹುದು. ಇಪ್ಪತ್ತು ಮೊಳ ಉತ್ತಮ, ಹದಿನಾರು ಮೊಳ ಮಧ್ಯಮ, ಹನ್ನೆರಡು ಮೊಳ ಕನಿಷ್ಠವೆಂದು ಗ್ರಂಥಕಾರನು ಹೇಳುತ್ತಾನೆ. ಅಷ್ಟಕ್ಕೆ ನಿಲ್ಲಿಸದೆ, ಹತ್ತಿರ ಹತ್ತಿರ ಬೆಳೆದ ಮರಗಳು ಒಂದನ್ನೊಂದು ತಾಕಿ, ಬೇರುಗಳು ಹೆಣೆದುಕೊಂಡು, ಪೀಡೆಗೊಳಗಾಗಿ ಚೆನ್ನಾಗಿ ಫಲ ಕೊಡವೆಂದು ಕಾರಣವನ್ನೂ ತಿಳಿಸುತ್ತಾನೆ. ಇಪ್ಪತ್ತು ಮೊಳವೆಂದರೆ ಸುಮಾರು ೩೦ ಅಡಿ. ಮಾವಿಗೆ ನಮ್ಮ ಕಾಲದ ತೋಟಗಾರಿಕೆಯವರು ವಾಡಿಕೆಯಾಗಿ ಹೇಳುತ್ತ ಬಂದಿರುವ ಅಂತರ ೧೦ ಮೀಟರು, ಎಂದರೆ ೩೩ ಅಡಿ. ಮೇಲೆ ಬೆಳಕಿಗಾಗಿಯೂ ಕೆಳಗೆ ನೀರು ಮತ್ತು ಲವಣಗಳಿಗಾಗಿಯೂ ಮರಗಳಲ್ಲಿ ಸ್ಪರ್ಧೆ ನಡೆಯುತ್ತದೆಂದು ಸಸ್ಯಶಾಸ್ತ್ರವು ಹೇಳುವುದನ್ನೇ ಈ ಶ್ಲೋಕವು ಹೇಳುತ್ತಿದೆ. ಈಚೆಗೆ ಮಾವನ್ನು ೫ ಮೀಟರ್ ಅಂತರದಲ್ಲಿ ಒತ್ತಾಗಿ ನೆಡುವ ಪದ್ಧತಿಯೂ ಬಂದಿದೆಯೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಅಲ್ಲಿ ಕೊಂಬೆಗಳನ್ನು ಕಾಲಕಾಲಕ್ಕೆ ಸವರಿ, ನೀರುಗೊಬ್ಬರಗಳನ್ನು ಬುಡಕ್ಕೇ ಒದಗಿಸಿ, ಮರಗಳು ಒಂದನ್ನೊಂದು ತಾಕದಂತೆ ಮಾಡುತ್ತಾರೆ. ಅಂಕಿ ಬದಲಾಯಿತು, ಕಾರಣ ಬದಲಾಗಲಿಲ್ಲ. ಕಾರಣ ಹೇಳಿದ ಶಾಸ್ತ್ರಕ್ಕೆ ಇರುವ ಬಲವೇ ಇದು: ಅದರ ಅಂಕಿಯನ್ನು ಬಿಟ್ಟರೂ ಅದರ ಮಾತು ಉಳಿಯುತ್ತದೆ.

ನೀರು ಹಾಕುವ ವಿಧಿಯೂ ಹೀಗೆಯೇ. ನೆಟ್ಟ ಸಸಿಗಳಿಗೆ ಬೇಸಗೆಯಲ್ಲಿ ಬೆಳಗ್ಗೆ ಸಂಜೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ಭೂಮಿ ಒಣಗಿದಾಗ ನೀರೆರೆಯಬೇಕೆಂದು ಹೇಳಿದೆ. ಇಲ್ಲಿ ಮೂರನೆಯ ಮಾತನ್ನು ಗಮನಿಸಬೇಕು. ಮೊದಲೆರಡರಲ್ಲಿ ಕಾಲವನ್ನು ನೋಡೆಂದವನು ಮೂರನೆಯದರಲ್ಲಿ ಮಣ್ಣನ್ನು ನೋಡೆನ್ನುತ್ತಾನೆ. ಕಿತ್ತು ನೆಟ್ಟ ಸಸಿಯು ನೀರನ್ನು ಹೀರುವ ಬೇರುಗೂದಲುಗಳನ್ನು ಬಹಳಮಟ್ಟಿಗೆ ಕಳೆದುಕೊಂಡಿರುತ್ತದೆ. ಎಲೆಗಳಿಂದ ನೀರು ಆವಿಯಾಗುವುದು ಮಾತ್ರ ನಿಲ್ಲುವುದಿಲ್ಲ. ಹೊಸ ಬೇರು ಬರುವವರೆಗೆ ಈ ಆದಾಯವೆಚ್ಚಗಳನ್ನು ಸರಿದೂಗಿಸುವುದೇ ತೋಟಗಾರನ ಕೆಲಸ. ಹೀಗಿರುವಾಗ ಮಣ್ಣಿನ ಹಸಿಯನ್ನು ನೋಡಿ ನೀರೆರೆಯೆಂಬ ಉಪದೇಶ ಎಲ್ಲ ಕಾಲಕ್ಕೂ ಒಪ್ಪತಕ್ಕದ್ದು.

ಭೂಮಿಯನ್ನು ಹದಮಾಡುವ ವಿಧಿಯನ್ನು ಮೂರನೆಯ ಉದಾಹರಣೆಯಾಗಿ ಕೊಡಬಹುದು. ಮೃದುವಾದ ಭೂಮಿ ಎಲ್ಲ ಮರಗಳಿಗೂ ಹಿತ. ಅದರಲ್ಲಿ ಎಳ್ಳನ್ನು ಬಿತ್ತಿ, ಅದು ಹೂ ಬಿಟ್ಟಾಗ ಅಲ್ಲಿಯೇ ತುಳಿದು ಮಣ್ಣಿಗೆ ಸೇರಿಸಬೇಕು. ಇದು ಮೊದಲ ಕೆಲಸವೆಂದು ಅಲ್ಲಿದೆ. ಇದು ಹಸಿರುಗೊಬ್ಬರವೇ ಸರಿ. ಅಪ್ಸೆಣಬನ್ನು ಬಿತ್ತಿ ಹೂ ಬರುವ ಹೊತ್ತಿಗೆ ಉತ್ತು ಮುಚ್ಚುವ ನಮ್ಮ ರೈತನಿಗೆ ಈ ಶ್ಲೋಕದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೂ ಬಿಡುವ ಕಾಲಕ್ಕೆ ಗಿಡದಲ್ಲಿ ಸೊಪ್ಪು ತುಂಬಿರುತ್ತದೆ, ಕಾಂಡ ಇನ್ನೂ ಬಲಿತು ನಾರಾಗಿರುವುದಿಲ್ಲ. ಆದ್ದರಿಂದ ಬೇಗ ಕೊಳೆತು ಮಣ್ಣಿನಲ್ಲಿ ಬೆರೆಯುತ್ತದೆ. ಕಾಯಾದ ಮೇಲೆ ಗಿಡದ ಸಾರ ಬೀಜಕ್ಕೆ ಹೋಗಿ ಉಳಿದ ಕಡ್ಡಿ ನಿಧಾನವಾಗಿ ಕೊಳೆಯುತ್ತದೆ. ಹೂವಿನ ಕಾಲವನ್ನೇ ನಿಯಮಿಸಿದ್ದರಲ್ಲಿ ಸೂಕ್ಷ್ಮವಾದ ಅವಲೋಕನವಿದೆ.

ಆದರೆ ಈ ಶ್ಲೋಕವನ್ನೇ ಆಧಾರವಾಗಿಟ್ಟುಕೊಂಡು, ಗಾಳಿಯಲ್ಲಿಯ ಸಾರಜನಕವನ್ನು ಭೂಮಿಗೆ ತರುವ ತತ್ತ್ವ ವರಾಹಮಿಹಿರನಿಗೆ ತಿಳಿದಿತ್ತೆಂದು ವಾದಿಸಲಾಗದು. ಆ ಶಕ್ತಿಯಿರುವುದು ದ್ವಿದಳಧಾನ್ಯದ ಕುಲದ ಗಿಡಗಳ ಬೇರುಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಿಗೆ. ಇದನ್ನು ಜರ್ಮನಿಯಲ್ಲಿ ಹೆಲ್ರೀಗೆಲ್ ೧೮೮೬ರಲ್ಲಿ ತೋರಿಸಿದನು. ಎಳ್ಳು ಆ ಕುಲಕ್ಕೆ ಸೇರಿದುದಲ್ಲ. ಅದರ ಬೇರಿನಲ್ಲಿ ಅಂತಹ ಗಂಟುಗಳಿಲ್ಲ. ಎಳ್ಳು ಮಣ್ಣಿನಲ್ಲಿದ್ದ ಸಾರವನ್ನೇ ಹೀರಿ ಮಣ್ಣಿಗೇ ಹಿಂತಿರುಗಿಸುತ್ತದೆ. ಹೊಸದಾಗಿ ಸೇರಿಸುವುದು ಮುಖ್ಯವಾಗಿ ಇಂಗಾಲಯುಕ್ತವಾದ ಸಾವಯವ ಪದಾರ್ಥವನ್ನು. ಮಣ್ಣು ಮೃದುವಾಗುವುದು ಅದರಿಂದ. ಗ್ರಂಥಕಾರನು ಹೇಳಿದುದೂ ಮೃದುತ್ವವನ್ನೇ. ಅವನು ಹೇಳದುದನ್ನು ಅವನ ಬಾಯಲ್ಲಿ ತುರುಕುವುದರಿಂದ ಅವನಿಗೆ ಗೌರವ ಹೆಚ್ಚುವುದಿಲ್ಲ.

೪

ಇನ್ನು ಸಸ್ಯಶಾಸ್ತ್ರದ ಸಹಾಯವಿಲ್ಲದೆ ಅರ್ಥವೇ ನಿಶ್ಚಯವಾಗದ ಎರಡು ಸ್ಥಳಗಳನ್ನು ಪರಿಶೀಲಿಸಬೇಕು.

ಮೊದಲನೆಯದು ‘ಕಾಂಡಾರೋಪ್ಯ’ವೆಂಬ ಮಾತು. ಹಲಸು, ಅಶೋಕ, ಬಾಳೆ, ನೇರಳೆ, ಲಕುಚ, ದಾಳಿಂಬೆ, ದ್ರಾಕ್ಷಿ, ಪಾಲೀವತ, ಮಾದಲ, ಅತಿಮುಕ್ತಕ ಇವುಗಳನ್ನು ಕಾಂಡದಿಂದ ನೆಡಬೇಕು, ಸಗಣಿಯನ್ನು ಬಳಿಯಬೇಕು ಎಂದು ಹೇಳಿ, ಬೇರಿನ ಬಳಿ ಕತ್ತರಿಸಿದ ಭಾಗದಲ್ಲಿ ಅಥವಾ ಬೊಡ್ಡೆಯಲ್ಲಿ ನೆಡಬೇಕೆಂದು ಮುಂದುವರಿಸಿದೆ. ಇದರ ಆಧಾರದ ಮೇಲೆ ಕೆಲವರು ಇದು ಕಡ್ಡಿ ನೆಡುವ ವಿಧಿಯೆಂದೂ, ಕೆಲವರು ಕಸಿಯ ವಿಧಿಯೆಂದೂ ಅರ್ಥ ಮಾಡುತ್ತಾರೆ. ವ್ಯಾಕರಣದಿಂದ ಎರಡೂ ಸಾಧ್ಯ. ಆದರೆ ಪಟ್ಟಿಯಲ್ಲಿ ಬಾಳೆಯಿದೆಯೆಂಬುದನ್ನು ಇಬ್ಬರೂ ಮರೆಯುತ್ತಾರೆ.

ಕಸಿ ಕೂಡಬೇಕಾದರೆ ತೊಗಟೆಗೂ ಕಟ್ಟಿಗೆಗೂ ನಡುವೆ ಕೇಂಬಿಯಂ ಎಂಬ ಜೀವಂತವಾದ ತೆಳು ಪೊರೆಯಿರಬೇಕು. ಎರಡು ಗಿಡಗಳ ಪೊರೆಗಳು ಒಂದಕ್ಕೊಂದು ತಾಕಿ ಹೊಸ ಕಣಗಳನ್ನು ಹುಟ್ಟಿಸಿದರೆ ಗಾಯ ಬೆಸೆದುಕೊಳ್ಳುತ್ತದೆ. ಮಾವು, ನೇರಳೆ, ಹಲಸುಗಳಲ್ಲಿ ಈ ಪೊರೆಯುಂಟು. ಬಾಳೆ ಏಕದಳ ಸಸ್ಯ. ಅದರಲ್ಲಿ ಈ ಪೊರೆಯಿಲ್ಲ. ನಮಗೆ ದಿಂಡಾಗಿ ಕಾಣುವುದು ಎಲೆಯ ಬುಡಗಳ ಸುರುಳಿಯೇ ಹೊರತು ನಿಜವಾದ ಬೊಡ್ಡೆಯಲ್ಲ; ಅದನ್ನು ಕಡಿದು ನೆಟ್ಟರೆ ಚಿಗುರುವುದಿಲ್ಲ, ಅದರ ಮೇಲೆ ಕಸಿ ಕಟ್ಟಿದರೆ ಕೂಡುವುದಿಲ್ಲ. ೨೦೨೨ರಲ್ಲಿ ಪ್ರಕಟವಾದ ಕೇಂಬ್ರಿಜ್ ವಿದ್ವಾಂಸರ ಪ್ರಯೋಗಗಳಲ್ಲಿ ಏಕದಳ ಸಸ್ಯಗಳನ್ನೂ ಕಸಿ ಮಾಡಿ ತೋರಿಸಿದ್ದಾರೆಂಬುದು ನಿಜ. ಆದರೆ ಅದು ಬೀಜದೊಳಗಣ ಎಳೆಯ ಭ್ರೂಣದ ಸ್ಥಿತಿಯಲ್ಲಿ ಮಾಡುವ ಅತಿ ಸೂಕ್ಷ್ಮ ಕೆಲಸ. ಬೆಳೆದ ಬಾಳೆಯ ವಿಷಯದಲ್ಲಿ ಹಳೆಯ ಮಾತೇ ನಿಲ್ಲುತ್ತದೆ. ಬಾಳೆಯನ್ನು ಬೆಳೆಸುವುದು ಅದರ ಗೆಡ್ಡೆಯಿಂದ ಹೊರಡುವ ಕಂದುಗಳಿಂದ.

ಪಟ್ಟಿಯ ಇತರ ಗಿಡಗಳೂ ಒಂದೇ ಬಗೆಯವಲ್ಲ. ದ್ರಾಕ್ಷಿ, ದಾಳಿಂಬೆ, ಮಾದಲಗಳು ಕಡ್ಡಿಯಿಂದ ಸುಲಭವಾಗಿ ಬರುತ್ತವೆ. ಹಲಸು, ನೇರಳೆಗಳು ಕಡ್ಡಿಗೆ ಅಷ್ಟು ಸುಲಭವಾಗಿ ಬೇರು ಬಿಡವು. ಅವಕ್ಕೆ ಕಸಿಯೇ ಅನುಕೂಲ. ಆದಕಾರಣ ‘ಕಾಂಡಾರೋಪ್ಯ’ವೆಂಬುದನ್ನು ಯಾವುದೋ ಒಂದು ಕ್ರಿಯೆಯ ಹೆಸರೆಂದು ತಿಳಿಯುವುದಕ್ಕಿಂತ, ಬೀಜದಿಂದಲ್ಲದೆ ತಾಯಿಗಿಡದ ಅಂಗದಿಂದ ಬೆಳೆಸತಕ್ಕ ಗಿಡಗಳ ವರ್ಗಕ್ಕೆಲ್ಲ ಇಟ್ಟ ಹೆಸರೆಂದು ತಿಳಿಯುವುದು ಮೇಲೆಂದು ತೋರುತ್ತದೆ. ಮುಂದಿನ ಮಾತು ಆ ವರ್ಗದೊಳಗೆ ಕಸಿಗೆ ಒಗ್ಗುವ ಮರಗಳಿಗೆ ಮಾತ್ರ ಅನ್ವಯಿಸುತ್ತದೆ. ಹೀಗೆ ಅರ್ಥಮಾಡಿದರೆ ಬಾಳೆಯೂ ಪಟ್ಟಿಯಲ್ಲಿ ಉಳಿಯುತ್ತದೆ, ಕಸಿಯೂ ಉಳಿಯುತ್ತದೆ, ಗ್ರಂಥಕಾರನ ಮೇಲೆ ಅಜ್ಞಾನದ ಆರೋಪವೂ ಬರುವುದಿಲ್ಲ. ಬೀಜದಿಂದ ಹುಟ್ಟಿದ ಹಲಸು ತಾಯಿಯ ಗುಣವನ್ನು ತಪ್ಪದೆ ತರುವುದಿಲ್ಲ, ತಿನ್ನುವ ಬಾಳೆಯಲ್ಲಿ ಮೊಳೆಯುವ ಬೀಜವೇ ಇರುವುದಿಲ್ಲವೆಂಬುದನ್ನು ನೆನೆದರೆ, ಇಂತಹ ವರ್ಗವೊಂದನ್ನು ಪ್ರತ್ಯೇಕಿಸಿದ ಬುದ್ಧಿಗೆ ಮೆಚ್ಚಬೇಕು.

ಎರಡನೆಯದು ಬೀಜಸಂಸ್ಕಾರ. ಬೀಜವನ್ನು ಹತ್ತು ದಿನ ಹಾಲಿನಲ್ಲಿ ‘ಭಾವಿತ’ವಾಗಿ ಮಾಡಿ, ತುಪ್ಪದ ಕೈಯಲ್ಲಿ ಹೊರಳಿಸಿ, ಸಗಣಿಯಿಂದ ಮತ್ತೆ ಮತ್ತೆ ಒರಟುಗೊಳಿಸಬೇಕೆಂದು ಗ್ರಂಥದಲ್ಲಿದೆ. ಇದನ್ನು ಹತ್ತು ದಿನ ಹಾಲಿನಲ್ಲಿ ಮುಳುಗಿಸಿಡುವುದೆಂದು ಅನುವಾದಿಸಿದವರುಂಟು. ಹಾಗೆ ಮಾಡಿದ ಬೀಜ ಮೊಳೆಯುವುದಿಲ್ಲ, ಕೊಳೆಯುತ್ತದೆ. ಬೀಜವು ನೀರು ಕುಡಿದೊಡನೆ ಅದರೊಳಗಣ ಜೀವಕಾರ್ಯ ಚುರುಕಾಗಿ ಆಮ್ಲಜನಕದ ಅಗತ್ಯ ಹೆಚ್ಚುತ್ತದೆ. ಹುಳಿತ ಹಾಲಿನಲ್ಲಿ ಮುಳುಗಿದ ಬೀಜಕ್ಕೆ ಅದು ದೊರೆಯದು. ಆದರೆ ಆಯುರ್ವೇದದಲ್ಲಿ ಭಾವನೆಯೆಂದರೆ ದ್ರವದಲ್ಲಿ ನೆನೆಸಿ ಒಣಗಿಸುವುದನ್ನು ಮತ್ತೆ ಮತ್ತೆ ಮಾಡುವ ಸಂಸ್ಕಾರ. ಈ ಅರ್ಥವೇ ಇಲ್ಲಿ ಉದ್ದಿಷ್ಟವೆಂಬುದಕ್ಕೆ ಅದೇ ಅಧ್ಯಾಯದಲ್ಲಿ ಪ್ರಮಾಣವುಂಟು. ಬೇಲದ ಬೀಜವನ್ನು ಕುರಿತು ಹೇಳುವಾಗ, ಮೂಲಿಕೆಗಳೊಡನೆ ಕಾಸಿ ಆರಿಸಿದ ಹಾಲಿನಲ್ಲಿ ಅದನ್ನು ನೂರು ಚಪ್ಪಾಳೆ ತಟ್ಟುವಷ್ಟು ಹೊತ್ತು ಇಟ್ಟು, ದಿನದಿನವೂ ಬಿಸಿಲಿನಲ್ಲಿ ಒಣಗಿಸಿ, ಹೀಗೆ ಒಂದು ತಿಂಗಳು ಮಾಡಬೇಕೆಂದು ಸ್ಪಷ್ಟವಾಗಿ ಹೇಳಿದೆ. ನೂರು ಚಪ್ಪಾಳೆಯೆಂದರೆ ಒಂದೆರಡು ನಿಮಿಷಕ್ಕೆ ಹೆಚ್ಚಿಲ್ಲ. ಗಡಿಯಾರವಿಲ್ಲದ ಕಾಲದಲ್ಲಿ ಸಣ್ಣ ಅವಧಿಯನ್ನು ಅಳೆಯಲು ಇದಕ್ಕಿಂತ ಸರಳವಾದ ಉಪಾಯ ಬೇಕೆ?

ಬೀಜವನ್ನು ಮಿತವಾಗಿ ನೆನೆಸಿ ಒಣಗಿಸಿ ಬಿತ್ತಿದರೆ ಮೊಳಕೆ ಬೇಗ ಮತ್ತು ಒಂದೇ ಸಮನಾಗಿ ಬರುತ್ತದೆಂಬುದು ಈಗ ಪ್ರಯೋಗಸಿದ್ಧವಾದ ವಿಷಯ. ಮಳೆಯಾಶ್ರಯದ ರಾಗಿಗೆ ಕೃಷಿಶಾಸ್ತ್ರಜ್ಞರು ಈ ಕ್ರಮವನ್ನು ಸಲಹೆ ಮಾಡುತ್ತಾರೆ. ಅವರು ಬಳಸುವುದು ಹಾಲನ್ನಲ್ಲ, ಬರಿಯ ನೀರನ್ನು. ಆದುದರಿಂದ ಈ ಸಂಸ್ಕಾರದಲ್ಲಿ ಫಲಕೊಟ್ಟದ್ದು ಹಾಲೇ, ನೆನೆಸಿ ಒಣಗಿಸುವ ಕ್ರಮವೇ ಎಂಬ ಪ್ರಶ್ನೆ ಹುಟ್ಟುತ್ತದೆ. ಗ್ರಂಥವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ. ಅದನ್ನು ನಾವು ಕೇಳಬೇಕು.

೫

ತೇವಪ್ರದೇಶದಲ್ಲಿ ಬೆಳೆಯುವವೆಂದು ಹದಿನಾರು ಮರಗಳನ್ನು ಹೆಸರಿಸಿರುವ ಪಟ್ಟಿಯೂ ವಿಚಾರಾರ್ಹವಾಗಿದೆ. ನೇರಳೆ, ಅತ್ತಿ, ಕದಂಬ, ಅರ್ಜುನ, ನಕ್ತಮಾಲ ಇವು ಅಲ್ಲಿರುವುದು ಸರಿಯೇ. ನಕ್ತಮಾಲವೆಂದರೆ ಹೊಂಗೆ, ಹಳ್ಳದ ದಡದಲ್ಲಿ ಅದು ಹುಲುಸಾಗಿ ಬೆಳೆಯುವುದನ್ನು ಎಲ್ಲರೂ ಕಂಡಿದ್ದೇವೆ. ಅರ್ಜುನವೃಕ್ಷಕ್ಕೆ ಕನ್ನಡಿಗರು ಹೊಳೆಮತ್ತಿಯೆಂದೇ ಹೆಸರಿಟ್ಟಿದ್ದಾರೆ. ಸಂಸ್ಕೃತದ ಶ್ಲೋಕವು ಹೇಳುವುದನ್ನು ನಮ್ಮ ಹೆಸರೇ ಹೇಳುತ್ತದೆ. ಇಂತಹ ಕಡೆಗಳಲ್ಲಿ ದೇಶಭಾಷೆಯ ಹೆಸರುಗಳು ಗ್ರಂಥಕ್ಕೆ ಸಾಕ್ಷಿಯಾಗುತ್ತವೆ.

ಆದರೆ ಅದೇ ಪಟ್ಟಿಯಲ್ಲಿ ಹಲಸು, ದಾಳಿಂಬೆ, ದ್ರಾಕ್ಷಿಗಳೂ ಇವೆ. ಹಲಸಿನ ಬೇರು ನಿಂತ ನೀರನ್ನು ಸಹಿಸದು. ದಾಳಿಂಬೆಯು ಇಂದು ನಮ್ಮಲ್ಲಿ ವಿಜಯಪುರ, ಕೊಪ್ಪಳ, ಚಿತ್ರದುರ್ಗಗಳಂತಹ ಒಣಸೀಮೆಯ ಬೆಳೆ. ಪಟ್ಟಿಯಲ್ಲಿ ಬಂದಿರುವ ‘ಅನೂಪ’ ಶಬ್ದಕ್ಕೆ ನೀರು ನಿಲ್ಲುವ ಜೌಗೆಂದು ಅರ್ಥ ಹೇಳಿದರೆ ಈ ಮೂರು ಹೆಸರುಗಳು ಅಲ್ಲಿ ಸಲ್ಲವು. ನೀರಿನ ಆಸರೆಯಿದ್ದು ನೀರು ಬಸಿದುಹೋಗುವ ತಗ್ಗುಭೂಮಿಯೆಂದು ಅರ್ಥ ಹೇಳಿದರೆ ಹಲಸು ಸಲ್ಲುತ್ತದೆ. ದಾಳಿಂಬೆ ಮತ್ತು ದ್ರಾಕ್ಷಿಗಳು ಅಲ್ಲಿ ಬದುಕಬಲ್ಲವೆಂದಷ್ಟೇ ಹೇಳಬಹುದು, ಅವುಗಳಿಗೆ ಅಂತಹ ಭೂಮಿಯೇ ತಕ್ಕುದೆಂದು ಹೇಳಲಾಗದು. ಶ್ಲೋಕವನ್ನು ಓದಿ, ಜೌಗಿನಲ್ಲಿ ದಾಳಿಂಬೆಯ ತೋಟವನ್ನು ಹಾಕಿದವನು ಕೆಡುವನೆಂಬುದರಲ್ಲಿ ಸಂದೇಹವಿಲ್ಲ.

೬

ಗೊಬ್ಬರದ ವಿಷಯವಾಗಿ ಹೇಳಿರುವ ವಿಧಿಯಲ್ಲಿ ಅಳತೆಗಳಿವೆ. ಆಡುಕುರಿಗಳ ಹಿಕ್ಕೆಯ ಪುಡಿ ಎರಡು ಆಢಕ, ಎಳ್ಳು ಒಂದು ಆಢಕ, ಹುರಿಹಿಟ್ಟು ಒಂದು ಪ್ರಸ್ಥ, ನೀರು ಒಂದು ದ್ರೋಣ, ಮಾಂಸ ಒಂದು ತುಲಾ. ಇವನ್ನು ಏಳು ರಾತ್ರಿ ಕಲೆಹಾಕಿಟ್ಟು ಆ ನೀರನ್ನು ಮರ, ಬಳ್ಳಿ, ಪೊದೆಗಳಿಗೆ ಎರೆಯಬೇಕು. ಅಳತೆಯಿರುವ ವಿಧಿಯನ್ನು ಇನ್ನೊಬ್ಬನು ಮತ್ತೆ ಮಾಡಿ ನೋಡಬಹುದಾದ್ದರಿಂದ ಇದು ಶಾಸ್ತ್ರದ ಲಕ್ಷಣವೇ. ಏಳು ದಿನ ಕೊಳೆಯುವಾಗ ಮಾಂಸದಲ್ಲಿಯೂ ಎಳ್ಳಿನಲ್ಲಿಯೂ ಇರುವ ಸಾರಜನಕಯುಕ್ತ ಪದಾರ್ಥಗಳು ಸೂಕ್ಷ್ಮಜೀವಿಗಳಿಂದ ಒಡೆದು ಅಮೋನಿಯವಾಗುತ್ತವೆ. ಮಣ್ಣಿನಲ್ಲಿ ಅದು ನೈಟ್ರೇಟಾಗಿ ಬೇರಿಗೆ ದೊರೆಯುತ್ತದೆ. ಗಿಡವು ಮಾಂಸವನ್ನು ತಿನ್ನುವುದಿಲ್ಲ. ಮಾಂಸವು ಲವಣವಾದ ಮೇಲೆ ಅದನ್ನು ಕುಡಿಯುತ್ತದೆ. ಸಸ್ಯಗಳು ಖನಿಜಲವಣಗಳಿಂದ ಪೋಷಣೆ ಪಡೆಯುತ್ತವೆಂಬ ವಾದವನ್ನು ಲೀಬಿಗ್ ಪ್ರಚುರಪಡಿಸಿದ್ದು ೧೮೪೦ರಲ್ಲಿ. ಆ ತತ್ತ್ವ ತಿಳಿಯದೆಯೂ ಕೊಳೆಸಿ ಕೊಡಬೇಕೆಂಬ ಕ್ರಮ ತಿಳಿದಿತ್ತೆಂಬುದನ್ನು ಮಾತ್ರ ನಾವು ಹೇಳಬಹುದು.

ಹಾಲನ್ನು ಎರೆಯುವ ವಿಧಿಗೆ ಇಷ್ಟು ಸಮರ್ಥನೆ ದೊರೆಯದು. ನೂರು ಭಾಗ ಹಾಲಿನಲ್ಲಿ ಸಾರಜನಕ ಸುಮಾರು ಅರ್ಧ ಭಾಗ. ಅದರ ಕೊಬ್ಬು ಬೇರಿಗೆ ಉಪಯೋಗಕ್ಕೆ ಬಾರದು. ಅದೇ ಸಾರವನ್ನು ಹಿಂಡಿ ಗೊಬ್ಬರದಿಂದ ಎಷ್ಟೋ ಅಗ್ಗವಾಗಿ ಕೊಡಬಹುದು. ಆದರೂ ಇಲ್ಲಿ ಅವಸರದ ತೀರ್ಪು ಸಲ್ಲದು. ಬ್ರಜಿಲ್ ದೇಶದ ಬೆಟ್ಟಿಯೋಲನು ೧೯೯೯ರಲ್ಲಿ, ನೀರು ಬೆರೆಸಿದ ಹಾಲನ್ನು ಎಲೆಗಳ ಮೇಲೆ ಸಿಂಪಡಿಸುವುದರಿಂದ ಕುಂಬಳದ ಜಾತಿಯ ಗಿಡದಲ್ಲಿ ಬೂದಿರೋಗ ಕಡಮೆಯಾಗುವುದೆಂದು ಪ್ರಯೋಗದಿಂದ ತೋರಿಸಿದನು. ಇದರಿಂದ ವರಾಹಮಿಹಿರನ ವಿಧಿ ಸಿದ್ಧವಾಯಿತೇ? ಇಲ್ಲ. ಅವನು ಹೇಳಿದುದು ಬುಡಕ್ಕೆ, ಇದು ಎಲೆಗೆ. ಅವನು ಹೇಳಿದುದು ಪೋಷಣೆ ಮತ್ತು ಸಾಮಾನ್ಯ ಚಿಕಿತ್ಸೆ. ಇದು ಒಂದು ನಿರ್ದಿಷ್ಟ ಶಿಲೀಂಧ್ರದ ನಿವಾರಣೆ. ಎರಡರಲ್ಲಿಯೂ ಹಾಲಿದೆಯೆಂಬುದೊಂದೇ ಸಾಮ್ಯ.

೭

ಅಧ್ಯಾಯದ ದುರ್ಬಲವಾದ ಭಾಗ ರೋಗನಿದಾನ. ಚಳಿ, ಗಾಳಿ, ಬಿಸಿಲುಗಳಿಂದ ಮರಕ್ಕೆ ರೋಗ ಬರುತ್ತದೆ. ಎಲೆ ಬಿಳಿಚುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಅದರ ಚಿಹ್ನೆಗಳೆಂದು ಹೇಳಿದೆ. ಚಿಕಿತ್ಸೆಯೆಂದರೆ ಕೆಟ್ಟ ಭಾಗವನ್ನು ಶಸ್ತ್ರದಿಂದ ಕತ್ತರಿಸಿ, ವಾಯುವಿಳಂಗ, ತುಪ್ಪ, ಕೆಸರುಗಳ ಲೇಪ ಹಾಕಿ, ನೀರು ಬೆರೆಸಿದ ಹಾಲನ್ನು ಎರೆಯುವುದು. ಕೆಟ್ಟುದನ್ನು ಕತ್ತರಿಸಿ ಗಾಯವನ್ನು ಮುಚ್ಚುವ ಕ್ರಮವನ್ನು ಇಂದಿಗೂ ತೋಟಗಾರರು ಅನುಸರಿಸುತ್ತಾರೆ; ಅದು ಸರಿ. ಆದರೆ ಚಿಹ್ನೆಗಳನ್ನು ಕಂಡು ಒಂದೇ ನಿದಾನಕ್ಕೆ ಬರುವುದು ಸರಿಯಲ್ಲ.

ಎಲೆ ಬಿಳಿಚುವುದನ್ನೇ ತೆಗೆದುಕೊಳ್ಳೋಣ. ಸಾರಜನಕದ ಕೊರತೆ, ಕಬ್ಬಿಣದ ಕೊರತೆ, ಬೇರಿನಲ್ಲಿ ನೀರು ನಿಲ್ಲುವಿಕೆ, ವೈರಸ್ಸಿನ ರೋಗ ಇವೆಲ್ಲಕ್ಕೂ ಅದು ಚಿಹ್ನೆಯಾಗಬಹುದು. ಹಿಮಾಲಯದ ತಪ್ಪಲಿನ ತರಾಯಿಯಲ್ಲಿ ಬತ್ತಕ್ಕೆ ಬರುತ್ತಿದ್ದ ಖೈರಾ ಎಂಬ ಪೀಡೆಗೆ ಕಾರಣ ಯಾವ ರೋಗಾಣುವೂ ಅಲ್ಲ, ಮಣ್ಣಿನಲ್ಲಿ ಸತುವಿನ ಕೊರತೆ ಎಂದು ಪಂತನಗರದಲ್ಲಿ ವೈ. ಎಲ್. ನೆನೆಯವರು ೧೯೬೬ರಲ್ಲಿ ತಿಳಿಸಿದರು. ಸುರಪಾಲನ ಗ್ರಂಥವನ್ನು ಬೆಳಕಿಗೆ ತಂದ ಸಂಸ್ಥೆಯ ಸ್ಥಾಪಕರೂ ಇವರೇ. ಹಳೆಯ ಗ್ರಂಥದ 
ಮೇಲೆ ಪ್ರೀತಿಯುಳ್ಳವರು ಹೊಲದಲ್ಲಿ ಯಾವ ಮಾರ್ಗವನ್ನು ಹಿಡಿಯಬೇಕೆಂಬುದಕ್ಕೆ ಖೈರಾದ ಶೋಧನೆ ಒಳ್ಳೆಯ ಮೇಲ್ಪಂಕ್ತಿ.

ಇನ್ನೊಂದು ನಿದರ್ಶನ ನಮ್ಮ ಮಲೆನಾಡಿನದು. ಅಡಕೆಯ ಕೊಳೆರೋಗ ಮಳೆಗಾಲದ ಪೀಡೆಯೆಂಬುದು ತೋಟಿಗರಿಗೆ ಬಹುಕಾಲದಿಂದ ತಿಳಿದಿತ್ತು. ಆದುದರಿಂದಲೇ ಅವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ಮರೆಮಾಡುತ್ತಿದ್ದರು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನನು ಈ ರೋಗವನ್ನು ಪರೀಕ್ಷಿಸಿ, ಫೈಟಾಫ್ತೊರ ಎಂಬ ಜಾತಿಯ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂದು ೧೯೧೦ರಲ್ಲಿ ಪ್ರಕಟಿಸಿದನು. ಐರ್ಲೆಂಡಿನ ಕ್ಷಾಮಕ್ಕೆ ಕಾರಣವಾದ ಆಲೂಗಡ್ಡೆಯ ರೋಗವನ್ನು ತರುವುದೂ ಇದರ ಬಳಗವೇ. ಇದರ ಬೀಜಕಣಗಳು ನೀರಿನ ಪದರದಲ್ಲಿ ಈಜಿ ಹೊಸ ಕಾಯಿಯನ್ನು ಹೊಗುತ್ತವೆ. ನೀರಿಲ್ಲದಿದ್ದರೆ ಅವುಗಳ ಸಂಚಾರ ನಿಲ್ಲುತ್ತದೆ. ಕೊಟ್ಟೆ ಫಲಕೊಡುತ್ತಿದ್ದುದು ಏಕೆಂಬುದು ಆಗ ತಿಳಿಯಿತು. ಅದರ ಜೊತೆಗೆ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೇ ಸಿಂಪಡಿಸುವ ಉಪಾಯವೂ ಬಳಕೆಗೆ ಬಂದಿತು. ತೋಟಿಗನ ಅವಲೋಕನ ಸುಳ್ಳಾಗಲಿಲ್ಲ, ಸಸ್ಯಶಾಸ್ತ್ರವು ಅದಕ್ಕೆ ಕಾರಣವನ್ನು ಕೊಟ್ಟು ಮುಂದಕ್ಕೆ ಒಯ್ದಿತು. ಮಳೆಯೇ ರೋಗವೆಂಬ ನಿದಾನದಲ್ಲಿಯೇ ನಿಂತಿದ್ದರೆ ಕೊಟ್ಟೆಗಿಂತ ಮುಂದೆ ಹೋಗಲು ದಾರಿಯಿರಲಿಲ್ಲ.

೮

ಕಡೆಯದಾಗಿ, ಅಧ್ಯಾಯದ ಅಂತ್ಯಭಾಗದಲ್ಲಿ ಬರುವ ಒಂದು ಮಾತು. ಅಂಕೋಲೆಯ ಹಣ್ಣಿನ ಕಲ್ಕದಿಂದಾಗಲಿ ಎಣ್ಣೆಯಿಂದಾಗಲಿ ನೂರು ಬಾರಿ ಭಾವನೆ ಮಾಡಿದ ಬೀಜವನ್ನು ಆಲಿಕಲ್ಲು ಬೆರೆಸಿದ ಮಣ್ಣಿನಲ್ಲಿ ಬಿತ್ತಿದರೆ ಆ ಕ್ಷಣದಲ್ಲಿಯೇ ಹುಟ್ಟಿ, ಕೊಂಬೆ ಹಣ್ಣಿನ ಭಾರದಿಂದ ತುಂಬುವುದೆಂದು ಅಲ್ಲಿದೆ. ಮೊಳಕೆಯೆಂದರೆ ಬೀಜದಲ್ಲಿ ಕೂಡಿಟ್ಟ ಆಹಾರವು ಕರಗಿ ಕಣಗಳು ಒಡೆದು ಬೆಳೆಯುವುದು. ಹಣ್ಣೆಂದರೆ ಎಲೆಗಳು ಬೆಳಕಿನಲ್ಲಿ ದುಡಿದು ಉಳಿಸಿದ ಗಳಿಕೆ. ಎರಡಕ್ಕೂ ಕಾಲ ಬೇಕು. ಯಾವ ಎಣ್ಣೆಯೂ ಆ ಕಾಲವನ್ನು ಕ್ಷಣವಾಗಿ ಮಾಡಲಾರದು. ಇದು ಕೌತುಕಪ್ರದರ್ಶಕರ ವಿದ್ಯೆ, ತೋಟಗಾರರ ವಿದ್ಯೆಯಲ್ಲ. ಅಂತರದ ವಿಧಿಯನ್ನು ಕಾರಣಸಹಿತವಾಗಿ ಬರೆದ ಲೇಖನಿಯೇ ಇದನ್ನೂ ಬರೆಯಿತೇ ಎಂದು ಆಶ್ಚರ್ಯಪಡಬೇಕಾಗಿಲ್ಲ. ಸಂಹಿತೆಯೆಂಬುದರ ಸ್ವಭಾವವೇ ಸಂಗ್ರಹ: ಕಂಡದ್ದು, ಕೇಳಿದ್ದು, ಹಿರಿಯರು ಹೇಳಿದ್ದು ಎಲ್ಲವೂ ಅಲ್ಲಿ ಒಂದೇ ಛಂದಸ್ಸಿನ ಉಡುಪನ್ನು ತೊಟ್ಟು ಬರುತ್ತವೆ. ಛಂದಸ್ಸು ಒಂದೇ ಆದ ಮಾತ್ರಕ್ಕೆ ಪ್ರಾಮಾಣ್ಯವೂ ಒಂದೇ ಆಗುವುದಿಲ್ಲ.

ನಮ್ಮ ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯಗಳೆಂದು ಪ್ರಮಾಣಗಳನ್ನು ವಿಂಗಡಿಸಿದ್ದಾರೆ. ಈ ಅಧ್ಯಾಯಕ್ಕೆ ಅದೇ ವಿಂಗಡಣೆಯನ್ನು ಅನ್ವಯಿಸಿದರೆ ಸಾಕು. ಅಂತರ, ನೀರು, ಹಸಿರುಗೊಬ್ಬರಗಳ ವಿಧಿಗಳು ಪ್ರತ್ಯಕ್ಷದ ಮೇಲೆ ನಿಂತಿವೆ. ಚಳಿ, ಗಾಳಿ, ಬಿಸಿಲುಗಳ ನಿದಾನವು ಅನುಮಾನ. ಅದು ಅಂದಿಗೆ ಯುಕ್ತವಾಗಿದ್ದರೂ ಇಂದಿಗೆ ಸಾಲದು. ಅಂಕೋಲೆಯ ಮಾತು ಕೇವಲ ವಾಕ್ಯ. ಅದಕ್ಕೆ ಆಪ್ತನೂ ಇಲ್ಲ.

ಆದರೆ ಪ್ರತ್ಯಕ್ಷಕ್ಕೂ ಒಂದು ಮಿತಿಯುಂಟು. ಗೊಬ್ಬರ ಹಾಕಿದ ಮರ ಚೆನ್ನಾಗಿ ಫಲಿಸಿದುದನ್ನು ಕಂಡವನು, ಹಾಕದ ಮರ ಆ ವರ್ಷ ಹೇಗೆ ಫಲಿಸಿತೆಂಬುದನ್ನೂ ಕಾಣಬೇಕು. ಈ ಅಧ್ಯಾಯದಲ್ಲಿ ಎಲ್ಲಿಯೂ ಹಾಕದ ಮರದ ಪ್ರಸ್ತಾಪವಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ೧೮೪೩ರಲ್ಲಿ ಗೋದಿಯ ಮೇಲೆ ಆರಂಭಿಸಿದ ಪ್ರಯೋಗದಲ್ಲಿ ಏನನ್ನೂ ಹಾಕದ ಒಂದು ಪಟ್ಟೆಯನ್ನು ಬಿಟ್ಟಿದ್ದಾರೆ. ಅದರ ಪಕ್ಕದಲ್ಲಿ ನಿಂತಾಗಲೇ ಗೊಬ್ಬರ ಹಾಕಿದ ಪಟ್ಟೆಗಳ ಇಳುವರಿಗೆ ಅರ್ಥ ಬರುತ್ತದೆ. ಹಳೆಯವರಿಗೂ ಹೊಸಬರಿಗೂ ನಡುವಣ ಮುಖ್ಯ ಭೇದ ಆ ಬರಿಯ ಪಟ್ಟೆಯೇ. ಅದನ್ನು ಬಿಡದಿರುವುದು ವರಾಹಮಿಹಿರನ ದೋಷವಲ್ಲ, ಅವನ ಕಾಲದಲ್ಲಿ ಎಲ್ಲಿಯೂ ಆ ಪದ್ಧತಿಯಿರಲಿಲ್ಲ. ಇಂದು ಅವನ ಹೆಸರಿನಲ್ಲಿ ದ್ರಾವಣವನ್ನು ಎರೆಯುವವರು ಅದನ್ನು ಬಿಡದಿದ್ದರೆ ಅದು ದೋಷವೇ.

ಆದುದರಿಂದ ಎರಡು ಕೆಲಸಗಳು ನಮ್ಮ ಮುಂದಿವೆ. ಮೊದಲನೆಯದು ಪಂಡಿತರದು: ಲೋಕೋಪಕಾರದ ವೃಕ್ಷಾಯುರ್ವೇದಭಾಗವನ್ನು ಬೃಹತ್ಸಂಹಿತೆ ಮತ್ತು ಸುರಪಾಲರ ಪಾಠಗಳೊಡನೆ ಹೋಲಿಸಿ, ಪ್ರತಿಯೊಂದು ಸಸ್ಯನಾಮವನ್ನೂ ಸಸ್ಯಶಾಸ್ತ್ರಜ್ಞರೊಡನೆ ಕುಳಿತು ನಿರ್ಣಯಿಸಿ ಪರಿಷ್ಕರಿಸುವುದು. ಬಾಳೆಯ ಹೆಸರೊಂದರಿಂದ ಇಡೀ ಶ್ಲೋಕದ ಅರ್ಥ ತಿರುಗಿದುದನ್ನು ಮೇಲೆ ನೋಡಿದೆವು. ಇಂತಹ ಸ್ಥಳಗಳು ಇನ್ನೂ ಇರಬಹುದು. ಎರಡನೆಯದು ಹೊಲದವರದು: ಪರೀಕ್ಷಾರ್ಹವೆಂದು ತೋರಿದ ವಿಧಿಗಳನ್ನು, ಒಂದು ಸಾಲನ್ನು ಬರಿದಾಗಿ ಬಿಟ್ಟು, ಕೆಲವು ವರ್ಷ ಮಾಡಿ ನೋಡಿ, ಫಲವನ್ನು ತೂಗಿ ಬರೆದಿಡುವುದು. ಆ ಫಲ ಗ್ರಂಥಕ್ಕೆ ಅನುಕೂಲವಾಗಿ ಬಂದರೂ ಪ್ರತಿಕೂಲವಾಗಿ ಬಂದರೂ ಸಮಾನವಾದ ನಿಷ್ಠೆಯಿಂದ ಪ್ರಕಟಿಸಬೇಕು. ಮರಗಳ ಬೇರು ಹೆಣೆದುಕೊಂಡರೆ ಫಲ ಕೆಡುವುದೆಂದು ಕಂಡು ಹೇಳಿದ ಗ್ರಂಥಕಾರನಿಗೆ ಸಲ್ಲಿಸಬಹುದಾದ ಗೌರವ ಇದಕ್ಕಿಂತ ಮಿಗಿಲಾದುದು ಇರಲಾರದು.